ಹಳ್ಳದ ದಂಡೆಯಲ್ಲೇ ಭೂಗೋಳ

ಪ್ರಶ್ನೆ: ನಾನು ನವಲಗುಂದ ತಾಲೂಕಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪರ್ವತ, ಪ್ರಸ್ಥಭೂಮಿ, ಮೈದಾನ, ಮುಖಜಭೂಮಿ ಎಲ್ಲದರ ವ್ಯಾಖ್ಯೆ ಮಕ್ಕಳಿಗೆ ಬಾಯಿಪಾಠ. ಒಂದಕ್ಕೊಂದು ಏನು ಸಂಬಂಧ ಅಂದರೆ ಸುಮ್ಮನಾಗುತ್ತಾರೆ. ಮೊನ್ನೆ ಒಬ್ಬ, ‘ಗುಡ್ಡ ಸವೀತಾವ ಅಂದ್ರ ಕಪ್ಪತಗುಡ್ಡ ಯಾಕ ಇನ್ನೂ ಐತ್ರಿ?’ ಅಂದ. ಹೇಗೆ ಕಲಿಸಲಿ?
– ಒಬ್ಬ ಶಿಕ್ಷಕಿ

ಉತ್ತರ: ಅಕ್ಕೋರೇ, ಆ ಹುಡುಗನ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದಿಡಿ. ಉತ್ತರ ಹೇಳುವ ಮೊದಲು ಎಲ್ಲರನ್ನೂ ಬೆಣ್ಣಿಹಳ್ಳಕ್ಕೆ ಕರೆದೊಯ್ಯಿರಿ. ಮಳೆಗಾಲದಲ್ಲಿ ಮಾತ್ರ ಬೇಡವೇ ಬೇಡ. ಮೇಲೆ ಹುಬ್ಬಳ್ಳಿ, ಕುಂದಗೋಳ ಕಡೆ ಜೋರು ಮಳೆಯಾದರೆ ನಿಮ್ಮಲ್ಲಿ ಬಿಸಿಲಿದ್ದರೂ ಹಳ್ಳ ಬರುತ್ತದೆ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ದೀಪಾವಳಿ ಕಳೆಯಲಿ.

ಹಳ್ಳ ಬಾಗುವ ಜಾಗ ಹುಡುಕಿ. ಹೊರಮಗ್ಗುಲಿನ ದಂಡೆ ಕುಸಿದಿರುತ್ತದೆ, ಒಳಮಗ್ಗುಲಲ್ಲಿ ಉಸುಕು ಬಿದ್ದಿರುತ್ತದೆ. ಕೊರೆಯುವುದು, ಕೂಡಿಸುವುದು ಎರಡೂ ನಿಂತಲ್ಲೇ ಕಾಣುತ್ತವೆ. ಯಾರ ಹೊಲದ ಎರೆಮಣ್ಣು ಹೋಯಿತು ಅಂತ ಕೇಳಿ. ರೈತರ ಮಕ್ಕಳಲ್ವಾ, ಹೆಸರು ಸಮೇತ ಹೇಳುತ್ತಾರೆ.

ಆಮೇಲೆ ಆ ಮಣ್ಣಿನ ಬೆನ್ನು ಹತ್ತಿ. ಶಿಗ್ಗಾವಿ ತಾಲೂಕಿನ ದುಂಡಶಿ ಹತ್ತಿರ ಹುಟ್ಟುವ ಈ ಹಳ್ಳ ರೋಣ ತಾಲೂಕಿನ ಮೆಣಸಗಿ ಬಳಿ ಮಲಪ್ರಭೆಗೆ ಸೇರುತ್ತದೆ. ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ. ಇಂಥ ಮಣ್ಣನ್ನೇ ಸಾವಿರಾರು ವರ್ಷ ಹೊತ್ತೊಯ್ದು ಕೃಷ್ಣೆ ವಿಜಯವಾಡದ ಕೆಳಗೆ, ಸಮುದ್ರ ಸೇರುವಲ್ಲಿ, ಮುಖಜಭೂಮಿ ಕಟ್ಟಿದೆ. ಈಗ ದಾರಿಯಲ್ಲಿ ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ ಅಣೆಕಟ್ಟುಗಳಿವೆ. ಹೂಳು ಅಲ್ಲೇ ಜಾಸ್ತಿ ಕೂರುತ್ತದೆ, ಸಮುದ್ರದ ತನಕ ಹೋಗುವುದು ಬಹಳ ಕಡಿಮೆಯಾಗಿದೆ.

ಇನ್ನು ಗದಗ ಜಿಲ್ಲೆಯ ಕಪ್ಪತಗುಡ್ಡ. ಅದರ ಕಲ್ಲು 250 ಕೋಟಿ ವರ್ಷಕ್ಕೂ ಹಳೆಯದು. ಭೂವಿಜ್ಞಾನಿಗಳು ಧಾರವಾಡ ಶಿಲೆ ಅನ್ನುವುದು ಇಂಥದ್ದನ್ನೇ. ನಮ್ಮೂರ ಹೆಸರು ಅಂತ ನನಗೆ ಸ್ವಲ್ಪ ಜಂಬ! ಆ ಗುಡ್ಡವೂ ಸವೆದಿದೆ ಅಂತ ಹುಡುಗನಿಗೆ ಹೇಳಿ. ಆದರೆ ಕಬ್ಬಿಣ ಬೆರೆತ ಗಟ್ಟಿ ಪಟ್ಟಿಗಳು ನಿಧಾನ ಸವೆದವು, ಪಕ್ಕದ ಮೆತ್ತನೆ ಕಲ್ಲು ಬೇಗ ಹೋಯಿತು. ನೆಲ ತಗ್ಗಾಯಿತು, ಗುಡ್ಡ ಎದ್ದು ಕಂಡಿತು. ಕಲ್ಲಿನ ವಯಸ್ಸು ಬೇರೆ, ಗುಡ್ಡದ ಆಕಾರದ ವಯಸ್ಸು ಬೇರೆ. ಇಲ್ಲಿ ಮಕ್ಕಳು ಎಡವುತ್ತಾರೆ, ಎರಡು ಪಿರಿಯಡ್ ಹೋದರೂ ಹೋಗಲಿ.

ಪರೀಕ್ಷೆಗೆ ವ್ಯಾಖ್ಯೆ ಕೇಳಬೇಡಿ. ಬೆಣ್ಣಿಹಳ್ಳದ ಒಂದು ಹಿಡಿ ಮಣ್ಣು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅಂತ ನಕ್ಷೆ ಬರೆಸಿ. ಅಣೆಕಟ್ಟು ಮರೆತವರಿಗೆ ಒಂದು ಅಂಕ ಕಡಿಮೆ ಕೊಡಿ.