ಆಟಿಕೆ ಉಗಿ ಎಂಜಿನ್ನಿನಿಂದ ಪುಟ್ಟ ಕಾರ್ಖಾನೆ ನಡೆಸುವುದು ಹೇಗೆ?

ಡೊಂಬಿವಲಿಯ ಮನೆಯಲ್ಲಿ ದಸರಾ ಗೊಂಬೆಗಳ ಪಕ್ಕದಲ್ಲಿ ಉಗಿಯಿಂದ ಓಡುವ ಪುಟ್ಟ ಕಾರ್ಖಾನೆಯನ್ನು ಇಡಬೇಕೆಂದಿರುವ ತಾವು, ಒಂದು ಆಟಿಕೆ ಎಂಜಿನ್ ಎಷ್ಟು ಯಂತ್ರಗಳನ್ನು ಎಳೆಯಬಲ್ಲದು ಎಂದು ಕೇಳಿದ್ದೀರಿ.

ಅದು ಎಂಜಿನ್ನಿನ ಬಲದಷ್ಟೇ ಘರ್ಷಣೆಯನ್ನೂ ಅವಲಂಬಿಸಿದೆ. ತೂಗಾಡುವ ಸಿಲಿಂಡರಿನ ಸಣ್ಣ ಎಂಜಿನ್ನಿಗೆ ಎರಡು ಮೂರು ಹಗುರ ಯಂತ್ರಗಳೇ ಸಾಕೆಂಬುದು ನನ್ನ ಅಭಿಪ್ರಾಯ. ಪ್ರತಿ ಯಂತ್ರಕ್ಕೂ ಎಂಜಿನ್ನಿನಿಂದಲೇ ಪಟ್ಟಿ ಎಳೆಯದೆ, ಮುಂಬಯಿಯ ಹಳೆಯ ಬಟ್ಟೆ ಗಿರಣಿಗಳಲ್ಲಿದ್ದಂತೆ ಮೇಲೆ ಒಂದು ಉದ್ದನೆಯ ದಂಡವನ್ನು ಅಳವಡಿಸಿ, ಎಂಜಿನ್ನಿನ 15 ಮಿ.ಮೀ. ರಾಟೆಯಿಂದ ದಂಡದ 60 ಮಿ.ಮೀ. ರಾಟೆಗೆ ಪಟ್ಟಿ ಹಾಕಿದರೆ, ವೇಗವು ನಾಲ್ಕನೇ ಒಂದು ಭಾಗಕ್ಕಿಳಿದು ತಿರುಗಿಸುವ ಬಲವು ಸುಮಾರು ನಾಲ್ಕು ಪಟ್ಟಾಗುತ್ತದೆ. ದಂಡವನ್ನು ಬೆರಳಿನಿಂದ ತಿರುವಿ ಬಿಟ್ಟಾಗ ಅದು ತಾನಾಗಿಯೇ ಕೆಲವು ಸುತ್ತು ತಿರುಗಬೇಕು. ಈ ಹೊಂದಾಣಿಕೆಗೆ ಇಡೀ ಒಂದು ದಿನ ಹೋದರೂ ಚಿಂತೆಯಿಲ್ಲ, ಏಕೆಂದರೆ ಉಳಿದುದೆಲ್ಲವೂ ಇದರ ಮೇಲೆಯೇ ನಿಂತಿದೆ. ದಂಡ ಸರಾಗವಾಗಿ ತಿರುಗಲು ಬೇಕಾದ ಸಣ್ಣ ಬೇರಿಂಗುಗಳನ್ನು ಮುಂಬಯಿಯ ನಾಗದೇವಿ ಬೀದಿಯಲ್ಲಿ ವಿಚಾರಿಸಿ.

ಬಾಯ್ಲರಿಗೆ ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಸುರಕ್ಷತಾ ಕವಾಟವನ್ನು ಪ್ರತಿ ಬಾರಿಯೂ ಪರೀಕ್ಷಿಸಿ, ನೀರು ಮುಗಿಯುವ ಮೊದಲೇ ಉರಿಯನ್ನು ಆರಿಸಿ. ಸಿಲಿಂಡರು ಬಿಸಿನೀರನ್ನೂ ಎಣ್ಣೆಯನ್ನೂ ಚಿಮ್ಮಿಸುವುದರಿಂದ, ರೇಷ್ಮೆ ಉಡಿಸಿದ ಪಟ್ಟದ ಗೊಂಬೆಗಳನ್ನು ದಯವಿಟ್ಟು ದೂರದಲ್ಲಿಡಿ.