ಮಗು ಮನೆಗೆ ಬಂದ ಮೇಲೆ ಚಿತ್ರಕಲೆ ಬಿಡಬೇಕಾ?

ನಿಮ್ಮ ಪ್ರಶ್ನೆ ಓದಿದೆ. ನೀವು ಚಿತ್ರ ಬರೆದು ಬದುಕುವವರು, ಹೆಂಡತಿಗೆ ಬ್ಯಾಂಕ್ ಕೆಲಸ. ಬಾಣಂತನಕ್ಕೆ ತವರಿಗೆ ಹೋದವರು ಮುಂದಿನ ತಿಂಗಳು ಮಗು ಎತ್ತಿಕೊಂಡು ಬರುತ್ತಾರೆ. ರಜೆ ಮುಗಿದು ಅವರು ಡ್ಯೂಟಿಗೆ ಹೊರಟರೆ ಹಗಲೆಲ್ಲ ಮಗು ನಿಮ್ಮ ಪಾಲು. ಬ್ರಷ್ ಕೆಳಗಿಟ್ಟು ಕೆಲಸ ಹುಡುಕಲಾ ಅಂತ ಕೇಳಿದ್ದೀರಿ.

ಕೆಲಸಕ್ಕೆ ಸೇರಿದರೆ ಹಗಲು ಮಗು ನೋಡುವವರು ಯಾರು? ಮೊದಲು ಅದನ್ನು ಯೋಚಿಸಬೇಕು ಅಲ್ವಾ? ದುಡ್ಡು ಸಾಲದೆ ಬಿಡುವುದಾದರೆ ನಾನೇನೂ ಹೇಳಲಾರೆ, ನಿಮ್ಮ ಮನೆ ಬಾಡಿಗೆ ನನಗೆ ಗೊತ್ತಿಲ್ಲ. ಟೈಮ್ ಸಿಗುವುದಿಲ್ಲ ಅಂತ ಬಿಡುವುದಾದರೆ ಸ್ವಲ್ಪ ತಡೆಯಿರಿ.

ನಾನು ಮೈಸೂರಿನವನು, ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರ ಬರೆಯುತ್ತೇನೆ. ಮಗಳಿಗೆ ಈಗ ಎಂಟು ವರ್ಷ. ನನ್ನ ಹೆಂಡತಿಗೂ ಆಫೀಸು. ಅವಳು ತವರಿನಲ್ಲಿದ್ದ ಮೂರು ತಿಂಗಳು ರಾತ್ರಿ ಹಗಲು ಬರೆದು ಗುಡ್ಡೆ ಹಾಕುತ್ತೇನೆ ಅಂದುಕೊಂಡಿದ್ದೆ. ಒಂದೂವರೆ ಚಿತ್ರ ಆಯಿತು. ವಾರಕ್ಕೆರಡು ಸಲ ಮಾವನ ಮನೆಗೆ ಓಡುವುದರಲ್ಲೇ ಕಳೆದೆ. ಅವಳಿಗೆ ಇಪ್ಪತ್ತಾರು ವಾರ ಸಂಬಳದ ರಜೆ ಇತ್ತು, ನಮ್ಮಂಥವರಿಗೆ ರಜೆ ಕೊಡುವವರು ಯಾರು!

ಆಮೇಲೆ ಶುರುವಾಯಿತು ಫ್ಯಾನ್ ಜಗಳ. ನಮ್ಮ ಶೈಲಿಯಲ್ಲಿ ಚಿನ್ನದ ರೇಕು ಅಂಟಿಸಬೇಕು. ಅದು ಎಷ್ಟು ತೆಳು ಅಂದರೆ ಜೋರಾಗಿ ಉಸಿರು ಬಿಟ್ಟರೂ ಹಾರುತ್ತದೆ. ಮಗುವಿಗೋ ಫ್ಯಾನ್ ನಿಂತ ಕೂಡಲೇ ಎಚ್ಚರ. ಇದ್ದದ್ದು ಒಂದು ಹಾಲ್, ಒಂದು ರೂಮು. ಏಪ್ರಿಲ್ ತಿಂಗಳಲ್ಲಿ ಫ್ಯಾನ್ ಆರಿಸಿ, ತೊಟ್ಟಿಲು ತೂಗುತ್ತ, ಇನ್ನೊಂದು ಕೈಯಲ್ಲಿ ಕೃಷ್ಣನ ಕಿರೀಟಕ್ಕೆ ರೇಕು ಹಾಕಲು ಹೋದೆ. ಅರ್ಧ ರೇಕು ನನ್ನ ಮೀಸೆಗೆ ಅಂಟಿತು. ಹೆಂಡತಿ ಬಂದು ನೋಡಿ ನಗಲೂ ಇಲ್ಲ. "ರೂಮಿಗೆ ಬೇರೆ ಬಾಗಿಲು ಹಾಕಿಸಿ, ಇಲ್ಲಾ ಚಿನ್ನ ಬಿಡಿ" ಅಂದಳು.

ಆವತ್ತು ಕೂತು ನನ್ನ ಕೆಲಸವನ್ನೇ ಬೇರೆ ಥರ ನೋಡಿದೆ. ಎಷ್ಟು ಗಂಟೆ ಸಿಗುತ್ತದೆ ಅಂತ ಅಲ್ಲ, ಯಾವುದನ್ನು ಅರ್ಧಕ್ಕೆ ಬಿಟ್ಟು ಏಳಬಹುದು ಅಂತ. ಸ್ಕೆಚ್ ಅರ್ಧಕ್ಕೆ ಬಿಡಬಹುದು. ಆಕಾಶ, ಹಿಂದಿನ ಮರಗಿಡ, ಸೀರೆಯ ಬಣ್ಣ ಕೂಡ. ಜೆಸ್ಸೋ, ಅಂದರೆ ಒಡವೆಗಳನ್ನು ಉಬ್ಬಿಸಿ ತೋರಿಸಲು ಹಾಕುವ ಬಿಳಿ ಅಂಟುಲೇಪ, ಅದನ್ನು ಮಾತ್ರ ಬಿಡುವಂತಿಲ್ಲ: ಕಲಸಿದ ಮೇಲೆ ಅದು ಗಟ್ಟಿಯಾಗುವ ಮೊದಲು ಒಡವೆಗಳ ಗೆರೆ ಎತ್ತಿ ಮುಗಿಸಬೇಕು. ಚಿನ್ನವೂ ಹಾಗೆಯೇ. ಮುಖ, ಕಣ್ಣು ಅಂತೂ ಮಗು ಅಳುವಾಗ ಬರೆದರೆ ದೇವರೂ ಅಳುಮುಖ ಮಾಡುತ್ತಾನೆ.

ಹಗಲು ಮಗುವಿನ ಜೊತೆ ಸ್ಕೆಚ್ಚು, ಬಣ್ಣ. ಏಳಲಾಗದ ಕೆಲಸಕ್ಕೆ ಭಾನುವಾರ ಬೆಳಗ್ಗೆ ಐದರಿಂದ ಒಂಬತ್ತು ಹೆಂಡತಿಯಿಂದ ಕೇಳಿ ಪಡೆದೆ, ಬಾಗಿಲು ಹಾಕಿಕೊಂಡು. ಬದಲಿಗೆ ಶನಿವಾರ ಸಂಜೆ ಪೂರ್ತಿ ಅವಳದು, ಎಲ್ಲಿಗೆ ಹೋದೆ ಅಂತ ನಾನು ಕೇಳುವಂತಿಲ್ಲ. ಚಿನ್ನದ ಕೆಲಸ ಆದಷ್ಟೂ ನವೆಂಬರ್‌ನಿಂದ ಜನವರಿಗೆ ತಳ್ಳಿದೆ. ಆಗ ಮೈಸೂರಿನಲ್ಲಿ ಫ್ಯಾನೇ ಬೇಡ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಹಳೆಯ ಪದ್ಧತಿಯಲ್ಲಿ ಜೆಸ್ಸೋಗೆ ಬಳಸುವ ಸಫೇದ ಅಂದರೆ ಸೀಸದಿಂದ ಮಾಡಿದ ಬಿಳಿ ಪುಡಿ. ಹಳದಿ ಬಣ್ಣದ ಹರಿತಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಬಣ್ಣದ ಇಂಗಳೀಕದಲ್ಲಿ ಪಾದರಸ. ಸೀಸಕ್ಕೆ ಸುರಕ್ಷಿತ ಪ್ರಮಾಣ ಅನ್ನುವುದೇ ಇಲ್ಲ, ಮಕ್ಕಳಿಗೆ ಅದರ ಪೆಟ್ಟು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಗು ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ನಾನು ಝಿಂಕ್ ಬಿಳಿಗೆ ಬದಲಾದೆ, ಹಳದಿ ಕೆಂಪಿಗೆ ರೆಡಿಮೇಡ್ ಬಣ್ಣ ತಂದೆ. ಒಬ್ಬ ಹಿರಿಯರು ಇದು ಶುದ್ಧ ಮೈಸೂರು ಶೈಲಿ ಅಲ್ಲ ಅಂದರು. ಇರಲಿ ಬಿಡಿ. ನಿಮ್ಮದು ಆಯಿಲ್ ಪೇಂಟ್ ಆದರೆ ಬಣ್ಣ ತೆಳು ಮಾಡುವ ಟರ್ಪೆಂಟೈನ್ ಬಾಟಲಿಯನ್ನು ಇವತ್ತೇ ಮೇಲಿನ ಕಪಾಟಿಗೆ ಏರಿಸಿ.

ಹಣದ ಬಗ್ಗೆ ಹೇಳುವುದು ಸ್ವಲ್ಪವೇ. ಮಗಳ ಮೊದಲ ಎರಡು ವರ್ಷ ದೊಡ್ಡ ಚಿತ್ರ ಒಪ್ಪಿಕೊಳ್ಳಲಿಲ್ಲ. ಗೃಹಪ್ರವೇಶಕ್ಕೆ ಉಡುಗೊರೆ ಕೊಡುವಂಥ ಒಂದಡಿ ಗಣೇಶ, ಲಕ್ಷ್ಮಿ, ಅಷ್ಟೇ. ಅರ್ಧ ದುಡ್ಡು ಮೊದಲೇ. ಎರಡು ವಾರ ಬೇಕು ಅನಿಸಿದರೆ ಐದು ವಾರ ಅಂತ ಹೇಳುತ್ತಿದ್ದೆ. ಕಲಾವಿದರು ರಸ್ತೆಯಲ್ಲೇ ಚಿತ್ರ ಮಾರುವ ಬೆಂಗಳೂರಿನ ಚಿತ್ರಸಂತೆಗೂ ಒಂದು ಜನವರಿ ಹೋಗಲಿಲ್ಲ. ಸಂತೆ ನಡೆಯುವ ಕುಮಾರಕೃಪಾ ರಸ್ತೆಯಲ್ಲಿ ಗೆಳೆಯರು ನಿಂತ ಫೋಟೋ ಬಂದಾಗ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

"ಹೆಂಡತಿ ದುಡಿಮೆ, ಇವನು ಮನೇಲಿ" ಅಂತ ಮಾತು ಬಂದೇ ಬರುತ್ತದೆ. ನನಗೆ ನನ್ನ ಚಿಕ್ಕಪ್ಪನಿಂದ ಬಂತು. "ಕೆ. ವೆಂಕಟಪ್ಪ ಮದುವೇನೇ ಆಗಲಿಲ್ಲ, ಅದಕ್ಕೇ ಅಷ್ಟು ದೊಡ್ಡ ಕಲಾವಿದ" ಅನ್ನುವವರೂ ಸಿಗುತ್ತಾರೆ. ಅವರು ಬ್ರಹ್ಮಚಾರಿಯಾಗಿದ್ದದ್ದು ನಿಜ. ಆದರೆ ಉಡುಪಿ ಕಡೆಯ ಕೆ. ಕೆ. ಹೆಬ್ಬಾರರು ಬೊಂಬಾಯಿಯಲ್ಲಿ ಸಂಸಾರ ಮಾಡಿಕೊಂಡು, ಜೆ. ಜೆ. ಕಲಾಶಾಲೆಯಲ್ಲಿ ಪಾಠವನ್ನೂ ಹೇಳಿ ಬರೆದವರು. ಅವರ ಮಗಳು ರೇಖಾ ರಾವ್ ಕೂಡ ಚಿತ್ರಕಲಾವಿದೆ. ಚಿಕ್ಕಪ್ಪನಿಗೆ ಇದನ್ನು ಹೇಳಿ ಪ್ರಯೋಜನವಾಗಲಿಲ್ಲ, ನಿಮಗೆ ಆದೀತು.

ಹೆಂಡತಿ ಬರುವ ಮೊದಲು, ಈ ತಿಂಗಳೇ, ನಿಮ್ಮ ಕೆಲಸದಲ್ಲಿ ಎದ್ದು ಹೋಗಬಹುದಾದದ್ದು ಯಾವುದು, ಆಗದ್ದು ಯಾವುದು ಅಂತ ಬರೆದಿಡಿ. ಅವರು ಬಂದ ಮೇಲೆ ಆ ಚೀಟಿ ತೋರಿಸಿ, ನಿಮಗೆ ಯಾವ ಹೊತ್ತು ಬಿಟ್ಟುಕೊಡಬಹುದು ಅಂತ ಅವರನ್ನೇ ಕೇಳಿ. ಕೆಲಸದ ಜಾಗಕ್ಕೆ ಒಂದು ಬಾಗಿಲು ಇರಲಿ. ಚಿಲಕ ಮಗುವಿನ ಕೈಗೆ ಎಟುಕದ ಎತ್ತರದಲ್ಲಿರಲಿ. ನಾನು ಮೊದಲು ಕೆಳಗೆ ಹಾಕಿಸಿ, ಬಡಗಿಗೆ ಎರಡು ಸಲ ಕೂಲಿ ಕೊಟ್ಟೆ.