ಹೊರರಾಜ್ಯದ ಹೆಸರಾಂತ ಕಾಲೇಜು, ಮನೆಯ ಹತ್ತಿರದ ವಿಶ್ವವಿದ್ಯಾಲಯ: ಸಾಲ ಯಾರ ತಲೆಯ ಮೇಲೆ?

ಪ್ರಶ್ನೆ: ಮೈಸೂರು ಕಡೆಯವರಾದ ನಾವು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಸಮೀಪ ನೆಲೆಸಿದ್ದೇವೆ. ಗ್ರೀನ್ ಕಾರ್ಡ್ ಇದೆ. ಮಗಳು 2026ರ ಆಗಸ್ಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಗೆ ಸೇರಬೇಕು. ಇಲ್ಲಿನ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯವಾದ ಜಾರ್ಜಿಯಾ ಟೆಕ್‌ನಲ್ಲಿ ಸೀಟು ಸಿಗಲಿಲ್ಲ. ಅಥೆನ್ಸ್‌ನ ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಸಿಕ್ಕಿದೆ. ಜಾರ್ಜಿಯಾ ರಾಜ್ಯ ತನ್ನ ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಕೊಡುವ ಝೆಲ್ ಮಿಲ್ಲರ್ ವಿದ್ಯಾರ್ಥಿವೇತನ ಕಳೆದರೆ ವಸತಿ, ಊಟ ಸೇರಿ ವರ್ಷಕ್ಕೆ ಸುಮಾರು 19,000 ಡಾಲರ್ ಬೀಳುತ್ತದೆ. ಆದರೆ ಅವಳ ಮನಸ್ಸು ಇರುವುದು ಮಧ್ಯ-ಪಶ್ಚಿಮದ ಒಂದು ಹೆಸರಾಂತ ಸರ್ಕಾರಿ ವಿಶ್ವವಿದ್ಯಾಲಯದ ಮೇಲೆ. ಅಲ್ಲಿ ಹೊರರಾಜ್ಯದವರಿಗೆ ವರ್ಷಕ್ಕೆ 78,000 ಡಾಲರ್ ಖರ್ಚು. ಅವರು ಕಳುಹಿಸಿದ ಪತ್ರದಲ್ಲಿ 25,500 ಡಾಲರ್ ನೆರವು ಎಂದಿದೆ, ಹಾಗಾಗಿ ನಮಗೆ ಬೀಳುವುದು 52,500 ಎಂದುಕೊಂಡಿದ್ದೇವೆ. ಓದಿನ ಖರ್ಚಿಗೆಂದು ತೆರಿಗೆ ರಿಯಾಯಿತಿಯೊಂದಿಗೆ ಉಳಿಸುವ 529 ಖಾತೆಯಲ್ಲಿ 80,000 ಡಾಲರ್ ಉಳಿಸಿದ್ದೇವೆ. ಸಂಬಳದಿಂದ ವರ್ಷಕ್ಕೆ 15,000 ಹೊಂದಿಸಬಹುದು. ಎಂಟನೇ ತರಗತಿಯಲ್ಲಿ ಒಬ್ಬ ಮಗನೂ ಇದ್ದಾನೆ. ಯಜಮಾನರು, ಸಾಲ ಮಾಡಿಯಾದರೂ ಕಳುಹಿಸೋಣ, ಬೇಕಿದ್ದರೆ ಮೈಸೂರಿನ ಸೈಟು ಮಾರೋಣ ಎನ್ನುತ್ತಾರೆ. ಎರಡನೇ ವರ್ಷದಿಂದ ಅವಳೂ ಆ ರಾಜ್ಯದವಳೇ ಎಂದಾಗಿ ಶುಲ್ಕ ಇಳಿಯುತ್ತದೆ ಎಂದು ಸ್ನೇಹಿತರು ಹೇಳಿದ್ದಾರೆ. ಏನು ಮಾಡುವುದು?

ಉತ್ತರ: ಪತ್ರದಲ್ಲಿ ನೆರವು ಎಂದು ಕಾಣಿಸಿರುವ 25,500 ಡಾಲರಿನಿಂದಲೇ ಆರಂಭಿಸುತ್ತೇನೆ. ಅದರಲ್ಲಿ ಒಂದು ಡಾಲರ್ ಕೂಡ ವಿದ್ಯಾರ್ಥಿವೇತನ ಇರುವಂತೆ ತೋರುವುದಿಲ್ಲ. 5,500 ಎಂಬುದು ತಂದೆತಾಯಿಯ ಅವಲಂಬನೆಯಲ್ಲಿರುವ ವಿದ್ಯಾರ್ಥಿ ಮೊದಲ ವರ್ಷ ಪಡೆಯಬಹುದಾದ ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ಸಾಲದ ಗರಿಷ್ಠ ಮಿತಿ. ಉಳಿದ 20,000 ಎಂಬುದು 2026ರ ಜುಲೈ 1ರಿಂದ ಜಾರಿಗೆ ಬರುವ ನಿಯಮದಂತೆ ತಂದೆತಾಯಿ ತಮ್ಮ ಹೆಸರಿನಲ್ಲಿ ಒಂದು ವರ್ಷಕ್ಕೆ ಪಡೆಯಬಹುದಾದ ಪೇರೆಂಟ್ ಪ್ಲಸ್ ಎಂಬ ಫೆಡರಲ್ ಸಾಲದ ಮಿತಿ. ಎರಡನ್ನೂ ಕೂಡಿಸಿದರೆ ನಿಮ್ಮ ಪತ್ರದ ಮೊತ್ತವೇ ಬರುತ್ತದೆ. ಸಾಲವನ್ನೂ ವಿದ್ಯಾರ್ಥಿವೇತನವನ್ನೂ ಒಂದೇ ಪಟ್ಟಿಯಲ್ಲಿ ಬರೆದು ಖರ್ಚಿನಿಂದ ಕಳೆದು ತೋರಿಸುವ ಅಭ್ಯಾಸ ಅಮೆರಿಕದ ಅನೇಕ ಕಾಲೇಜುಗಳಿಗಿದೆ. ಅದನ್ನು ಅಪ್ರಾಮಾಣಿಕ ಎಂದು ಕರೆಯಲು ನನಗೆ ಸಂಕೋಚವಿಲ್ಲ. ಆದ್ದರಿಂದ ನಿಮಗೆ ಬೀಳುವ ಖರ್ಚು 52,500 ಅಲ್ಲ, ಪೂರ್ತಿ 78,000.

ಸ್ನೇಹಿತರು ಹೇಳಿದ ಎರಡನೇ ವರ್ಷದ ರಿಯಾಯಿತಿಯನ್ನು ಲೆಕ್ಕದಿಂದ ತೆಗೆದುಬಿಡಿ. ತಂದೆತಾಯಿಯ ಅವಲಂಬನೆಯಲ್ಲಿರುವ ವಿದ್ಯಾರ್ಥಿಯ ವಾಸಸ್ಥಾನವನ್ನು ಬಹುತೇಕ ಎಲ್ಲ ರಾಜ್ಯಗಳೂ ತಂದೆತಾಯಿಯ ವಾಸಸ್ಥಾನದ ಮೇಲೆಯೇ ನಿರ್ಧರಿಸುತ್ತವೆ. ಓದುವುದಕ್ಕೆಂದು ಬಂದು ಒಂದು ವರ್ಷ ಹಾಸ್ಟೆಲಿನಲ್ಲಿ ಇದ್ದ ಮಾತ್ರಕ್ಕೆ, ಅಲ್ಲಿನ ಚಾಲನಾ ಪರವಾನಗಿ ಪಡೆದ ಮಾತ್ರಕ್ಕೆ, ಅವಳು ಆ ರಾಜ್ಯದವಳಾಗುವುದಿಲ್ಲ.

ಈಗ ನಾಲ್ಕು ವರ್ಷಗಳ ಲೆಕ್ಕ. ಶುಲ್ಕ ಒಂದು ಡಾಲರೂ ಏರುವುದಿಲ್ಲ ಎಂಬ ಉದಾರ ಊಹೆಯಲ್ಲೇ ಹೊರರಾಜ್ಯದ ಕಾಲೇಜಿಗೆ ಒಟ್ಟು 3,12,000 ಡಾಲರ್ ಬೇಕು. 529 ಖಾತೆಯ 80,000, ಸಂಬಳದಿಂದ 60,000 ಕಳೆದರೆ 1,72,000 ಡಾಲರ್ ಸಾಲವೇ ಆಗಬೇಕು. ಈ ಸಾಲ ಎಲ್ಲಿಂದ ಬರುತ್ತದೆ, ಯಾರ ಹೆಸರಿನಲ್ಲಿ ಬರುತ್ತದೆ ಎಂಬುದು ಮೊತ್ತಕ್ಕಿಂತ ಮುಖ್ಯ. ನಿಮ್ಮ ಮಗಳು ತನ್ನ ಹೆಸರಿನಲ್ಲಿ ಪಡೆಯಬಹುದಾದ ಫೆಡರಲ್ ಸಾಲ ಮೊದಲ ವರ್ಷ 5,500, ಎರಡನೇ ವರ್ಷ 6,500, ಅನಂತರ ವರ್ಷಕ್ಕೆ 7,500. ನಾಲ್ಕು ವರ್ಷಕ್ಕೆ 27,000. ಪೇರೆಂಟ್ ಪ್ಲಸ್‌ಗೆ ಹಿಂದೆ ಕಾಲೇಜಿನ ಖರ್ಚೇ ಮಿತಿಯಾಗಿತ್ತು. 2025ರ ಜುಲೈನಲ್ಲಿ ಅಂಗೀಕಾರವಾದ ಕಾಯ್ದೆಯ ಪ್ರಕಾರ ಹೊಸದಾಗಿ ಸಾಲ ಪಡೆಯುವವರಿಗೆ ಒಬ್ಬ ವಿದ್ಯಾರ್ಥಿಯ ಲೆಕ್ಕದಲ್ಲಿ ಒಟ್ಟು 65,000 ಮಾತ್ರ. ಅಂದರೆ ಮೊದಲ ಮೂರು ವರ್ಷ ಇಪ್ಪತ್ತಿಪ್ಪತ್ತು ಸಾವಿರ ಪಡೆದರೆ ಕೊನೆಯ ವರ್ಷಕ್ಕೆ ಉಳಿಯುವುದು ಐದೇ ಸಾವಿರ. ಮಿಕ್ಕ 80,000 ಡಾಲರನ್ನು ಖಾಸಗಿ ಸಾಲದಾತರಿಂದಲೇ ತರಬೇಕು. ಅದರಲ್ಲೂ 30,500 ಡಾಲರ್ ಕೊನೆಯ ಒಂದೇ ವರ್ಷದಲ್ಲಿ ಬೇಕಾಗುತ್ತದೆ. ಆದಾಯವಿಲ್ಲದ ವಿದ್ಯಾರ್ಥಿಗೆ ಯಾವ ಖಾಸಗಿ ಸಾಲದಾತರೂ ಜಾಮೀನಿಲ್ಲದೆ ಅಷ್ಟು ಹಣ ಕೊಡುವುದಿಲ್ಲವಾದ್ದರಿಂದ ಅದಕ್ಕೆ ನಿಮ್ಮ ಅಥವಾ ಯಜಮಾನರ ಸಹಿ ಬೇಕು. ಹೀಗೆ 1,72,000ದಲ್ಲಿ 1,45,000 ಡಾಲರಿನ ಹೊಣೆ ತಂದೆತಾಯಿಯದು. ಮಗಳು "ನಾನೇ ತೀರಿಸುತ್ತೇನೆ" ಎಂದು ಹೇಳಿದರೆ ಅದು ಪ್ರೀತಿಯ ಮಾತು. ಕಾನೂನಿನ ದೃಷ್ಟಿಯಲ್ಲಿ ಪೇರೆಂಟ್ ಪ್ಲಸ್ ಸಾಲ ಅವಳದಲ್ಲ, ಅದನ್ನು ಅವಳ ಹೆಸರಿಗೆ ವರ್ಗಾಯಿಸುವ ಫೆಡರಲ್ ವ್ಯವಸ್ಥೆಯೂ ಇಲ್ಲ.

2025-26ರ ಸಾಲಿನ ಬಡ್ಡಿದರ ಪದವಿ ವಿದ್ಯಾರ್ಥಿಯ ಫೆಡರಲ್ ಸಾಲಕ್ಕೆ 6.39 ಶೇಕಡಾ, ಪೇರೆಂಟ್ ಪ್ಲಸ್‌ಗೆ 8.94 ಶೇಕಡಾ. ಪ್ಲಸ್ ಸಾಲದಲ್ಲಿ ನಾಲ್ಕು ಶೇಕಡಾಕ್ಕಿಂತ ಹೆಚ್ಚು ಹಣವನ್ನು ಆರಂಭಿಕ ಶುಲ್ಕವೆಂದು ಮೊದಲೇ ಮುರಿದುಕೊಂಡು ಕೊಡುತ್ತಾರೆ. ದರಗಳು ಪ್ರತಿ ವರ್ಷ ಹೊಸದಾಗಿ ನಿಗದಿಯಾಗುತ್ತವೆ. ಖಾಸಗಿ ಸಾಲದ ದರ ಸಹಿದಾರರ ಕ್ರೆಡಿಟ್ ಇತಿಹಾಸದ ಮೇಲೆ ನಿಂತಿದೆ. ಇವೇ ದರಗಳನ್ನು ನಾಲ್ಕು ವರ್ಷಕ್ಕೂ ಹಿಡಿದು, ಖಾಸಗಿ ಸಾಲಕ್ಕೆ 9 ಶೇಕಡಾ ಎಂದು ಭಾವಿಸಿ, ಓದುವಾಗ ಬಡ್ಡಿ ಕಟ್ಟದೆ ಬಿಟ್ಟರೆ, ಪದವಿ ಮುಗಿದು ಕಂತು ಆರಂಭವಾಗುವ ಹೊತ್ತಿಗೆ 1,72,000 ಎಂಬುದು ಸುಮಾರು 2,12,000 ಆಗಿರುತ್ತದೆ. ಅದನ್ನು ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ತಿಂಗಳಿಗೆ ಸುಮಾರು 2,650 ಡಾಲರ್ ಕಂತು; ಒಟ್ಟು ಕಟ್ಟುವ ಹಣ 3,17,000 ದಾಟುತ್ತದೆ. ಅವಧಿಯನ್ನು ಉದ್ದ ಮಾಡಿದರೆ ಕಂತು ಇಳಿಯುತ್ತದೆ, ಬಡ್ಡಿ ಬೆಳೆಯುತ್ತದೆ. ಹೊಸ ನಿಯಮದಲ್ಲಿ ಇನ್ನೂ ಒಂದು ಕಠಿಣ ಅಂಶವಿದೆ: 2026ರ ಜುಲೈ 1ರ ನಂತರ ಪಡೆದ ಪೇರೆಂಟ್ ಪ್ಲಸ್ ಸಾಲಕ್ಕೆ ಆದಾಯಕ್ಕೆ ತಕ್ಕಂತೆ ಕಂತು ಕಟ್ಟುವ ಯೋಜನೆಗಳು ಅನ್ವಯಿಸುವುದಿಲ್ಲ. ಐ.ಟಿ. ಕ್ಷೇತ್ರದಲ್ಲಿ ಕೆಲಸ ಹೋಗುವುದು ಅಪರೂಪದ ಸಂಗತಿಯೇನೂ ಅಲ್ಲದ ಈ ದಿನಗಳಲ್ಲಿ, ಐವತ್ತು ದಾಟಿದ ಮೇಲೆ ಸಂಬಳ ನಿಂತರೂ ನಿಲ್ಲದ ಕಂತನ್ನು ಒಪ್ಪಿಕೊಳ್ಳುತ್ತಿದ್ದೀರಿ ಎಂಬುದನ್ನು ಯಜಮಾನರೊಡನೆ ಕುಳಿತು ಮಾತಾಡಿ. ದಿವಾಳಿ ಘೋಷಿಸಿಕೊಂಡರೂ ವಿದ್ಯಾರ್ಥಿ ಸಾಲ ಸುಲಭವಾಗಿ ಮನ್ನಾ ಆಗುವುದಿಲ್ಲ.

ಇನ್ನೊಂದು ಬದಿಯಲ್ಲಿ ಅಥೆನ್ಸ್: ನಾಲ್ಕು ವರ್ಷಕ್ಕೆ 76,000. ನಿಮ್ಮ 529 ಖಾತೆಯೊಂದೇ ಅದಕ್ಕೆ ಸಾಕು. ಸಾಲ ಶೂನ್ಯ, ಸಂಬಳದಿಂದ ತೆಗೆಯಬೇಕೆಂದಿದ್ದ 60,000 ಡಾಲರ್ ಮಗನ ಹೆಸರಿಗೆ ಬೆಳೆಯಬಹುದು. ಅವನು ಕಾಲೇಜು ಸೇರುವ ಹೊತ್ತಿಗೆ ಅಕ್ಕನ ಪದವಿ ಮುಗಿದಿರುತ್ತದೆ, ಅಂದರೆ ಸಾಲದ ದಾರಿಯಲ್ಲಿ ಹೋದರೆ ಅಕ್ಕನ ಕಂತು ಮತ್ತು ತಮ್ಮನ ಶುಲ್ಕ ಒಟ್ಟಿಗೇ ಬಾಗಿಲು ತಟ್ಟುತ್ತವೆ. ಮೊದಲನೆಯ ಮಗುವಿಗೆ ಎಲ್ಲವನ್ನೂ ಕೊಟ್ಟು ಎರಡನೆಯ ಮಗುವಿಗೆ "ನೀನು ಇಲ್ಲೇ ಓದು" ಎಂದು ಹೇಳಬೇಕಾಗಿ ಬಂದ ಮನೆಗಳ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. 529ರಲ್ಲಿ ಹಣ ಮಿಕ್ಕರೆ ಫಲಾನುಭವಿಯ ಹೆಸರನ್ನು ತಮ್ಮನಿಗೆ ಬದಲಾಯಿಸಲು ತೆರಿಗೆ ಬೀಳುವುದಿಲ್ಲ.

ಝೆಲ್ ಮಿಲ್ಲರ್ ವೇತನವನ್ನು ಒಮ್ಮೆ ಸಿಕ್ಕಿತೆಂದು ಮರೆಯುವಂತಿಲ್ಲ. ಕಾಲೇಜಿನಲ್ಲಿ 3.3 ಜಿ.ಪಿ.ಎ. (ನಾಲ್ಕಕ್ಕೆ ಲೆಕ್ಕ ಹಾಕುವ ಅಂಕಗಳ ಸರಾಸರಿ) ಉಳಿಸಿಕೊಳ್ಳಬೇಕು, ಅದಕ್ಕಿಂತ ಇಳಿದು 3.0ರ ಮೇಲಿದ್ದರೆ ರಾಜ್ಯದ್ದೇ ಆದ ಹೋಪ್ ವಿದ್ಯಾರ್ಥಿವೇತನ ಇದೆ. 2023ರಿಂದ ಸರ್ಕಾರಿ ಕಾಲೇಜುಗಳಲ್ಲಿ ಹೋಪ್ ಕೂಡ ಪೂರ್ತಿ ಬೋಧನಾ ಶುಲ್ಕವನ್ನು ಭರಿಸುತ್ತಿದೆ. ವಸತಿ, ಊಟ, ಪುಸ್ತಕ ಮತ್ತು ಕಡ್ಡಾಯ ಇತರ ಶುಲ್ಕಗಳು ಎರಡರಲ್ಲೂ ಸೇರುವುದಿಲ್ಲ. ನೀವು ಬರೆದ 19,000 ಅದೇ.

"ಆದರೆ ಹೆಸರು?" ಎಂಬ ಪ್ರಶ್ನೆ ನಿಮ್ಮ ಮನೆಯಲ್ಲಿ ಇನ್ನೂ ಉಳಿದಿರಬಹುದು. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ, ಅನಂತರ ಹೊಸ ಮಾಹಿತಿಯೊಂದಿಗೆ ಮುಂದುವರಿಸಿದ ಅಧ್ಯಯನದಲ್ಲಿ ಕೇಳಿದ್ದು ಇದನ್ನೇ: ಒಂದೇ ಬಗೆಯ ಕಾಲೇಜುಗಳಿಗೆ ಅರ್ಜಿ ಹಾಕಿ ಸೀಟು ಪಡೆದವರಲ್ಲಿ, ಹೆಚ್ಚು ಸೋಸಿ ಸೀಟು ಕೊಡುವ ಕಾಲೇಜಿಗೆ ಹೋದವರು ಹೋಗದವರಿಗಿಂತ ಹೆಚ್ಚು ಗಳಿಸಿದರೇ? ಸರಾಸರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಪ್ಪು ಹಾಗೂ ಹಿಸ್ಪಾನಿಕ್ ವಿದ್ಯಾರ್ಥಿಗಳಲ್ಲಿ ಮತ್ತು ತಂದೆತಾಯಿ ಹೆಚ್ಚು ಓದಿರದ ಮನೆಯ ಮಕ್ಕಳಲ್ಲಿ ಮಾತ್ರ ಸ್ಪಷ್ಟ ಲಾಭ ಕಂಡಿತು, ಬಹುಶಃ ಆ ಕಾಲೇಜುಗಳು ಕೊಡುವ ಪರಿಚಯಗಳು ಅವರಿಗೆ ಬೇರೆಡೆ ಸಿಗುವುದಿಲ್ಲವೆಂದು. ನೀವಿಬ್ಬರೂ ಪದವೀಧರರಾಗಿದ್ದರೆ ನಿಮ್ಮ ಮಗಳಿಗೆ ಆ ಕೊರತೆ ಇರುವ ಸಂಭವ ಕಡಿಮೆ. ಸೀಟು ತಂದುಕೊಟ್ಟ ಸಾಮರ್ಥ್ಯ ಅವಳ ಜೊತೆಗೇ ಅಥೆನ್ಸ್‌ಗೆ ಬರುತ್ತದೆ. ನನ್ನ ಮಾತನ್ನೇ ನಂಬಬೇಕೆಂದಿಲ್ಲ. ಅಮೆರಿಕದ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಎರಡೂ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ಪದವೀಧರರ ಗಳಿಕೆಯನ್ನು ಅಕ್ಕಪಕ್ಕ ಇಟ್ಟು ನೋಡಿ, ಅಲ್ಲಿ ಕಾಣುವ ಅಂತರ ವರ್ಷಕ್ಕೆ 31,800 ಡಾಲರ್ ಕಂತನ್ನು, ಅದೂ ತೆರಿಗೆ ಕಟ್ಟಿದ ಮೇಲಿನ ಹಣದಿಂದ, ತುಂಬಬಲ್ಲುದೇ ಎಂದು ಲೆಕ್ಕ ಹಾಕಿ.

ಹೆಸರೇ ಬೇಕೆಂದರೂ ಅದಕ್ಕೆ ಅಗ್ಗದ ದಾರಿಗಳಿವೆ. ರಾಜ್ಯದ ಇತರ ಸರ್ಕಾರಿ ಕಾಲೇಜುಗಳಲ್ಲಿ ಒಂದೆರಡು ವರ್ಷ ಚೆನ್ನಾಗಿ ಓದಿದವರನ್ನು ವರ್ಗಾವಣೆಯ ಮೂಲಕ ತೆಗೆದುಕೊಳ್ಳುವುದು ಜಾರ್ಜಿಯಾ ಟೆಕ್‌ನಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಪದ್ಧತಿ. ಯಾವ ವಿಷಯಗಳನ್ನು, ಎಷ್ಟು ಅಂಕದಲ್ಲಿ ಮುಗಿಸಿರಬೇಕೆಂಬುದನ್ನು ಮೊದಲ ಸೆಮಿಸ್ಟರಿಗೆ ಮುಂಚೆಯೇ ತಿಳಿದುಕೊಳ್ಳಲಿ. ಅದೇ ಸಂಸ್ಥೆಯ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಸ್ನಾತಕೋತ್ತರ ಪದವಿ 2014ರಲ್ಲಿ ಆರಂಭವಾದದ್ದು. ಅದರ ಒಟ್ಟು ಶುಲ್ಕ ಇಂದಿಗೂ ಹತ್ತು ಸಾವಿರ ಡಾಲರಿನ ಒಳಗೇ ಇದೆ, ಕೆಲಸ ಮಾಡುತ್ತಲೇ ಮುಗಿಸಬಹುದು. ಅಥೆನ್ಸ್‌ನಲ್ಲೇ ಮೋರ್‌ಹೆಡ್ ಆನರ್ಸ್ ಕಾಲೇಜಿಗೆ ಅರ್ಜಿ ಹಾಕಿದರೆ ಚಿಕ್ಕ ತರಗತಿಗಳೂ ಪ್ರಾಧ್ಯಾಪಕರ ಹತ್ತಿರದ ಒಡನಾಟವೂ ಸಿಗುತ್ತವೆ. ಮುಂದೆ ಅವಳು ಬೇರೆಡೆ ಸ್ನಾತಕೋತ್ತರ ಪದವಿಗೆ ಹೋಗುವುದಾದರೆ ಇನ್ನೊಂದು ವಿಷಯ ನೆನಪಿರಲಿ: ಹೊಸ ಕಾಯ್ದೆ ಸ್ನಾತಕೋತ್ತರ ವಿದ್ಯಾರ್ಥಿಗಳಿಗಿದ್ದ ಗ್ರಾಡ್ ಪ್ಲಸ್ ಎಂಬ ಫೆಡರಲ್ ಸಾಲವನ್ನು ಹೊಸಬರಿಗೆ ಮುಚ್ಚಿದೆ, ಸ್ನಾತಕೋತ್ತರ ಓದಿಗೆ ಫೆಡರಲ್ ಸಾಲ ವರ್ಷಕ್ಕೆ 20,500, ಒಟ್ಟು 1,00,000ಕ್ಕೆ ಸೀಮಿತವಾಗಿದೆ. ಪದವಿಯ ಹಂತದಲ್ಲೇ ಮನೆಯ ಸಾಲದ ಶಕ್ತಿಯನ್ನೆಲ್ಲ ಖರ್ಚು ಮಾಡಿದವರಿಗೆ ಆ ಹೊತ್ತಿನಲ್ಲಿ ಕೈ ಬರಿದಾಗಿರುತ್ತದೆ.

ಮೈಸೂರಿನ ಸೈಟಿನ ವಿಷಯ. ಅನಿವಾಸಿಯೊಬ್ಬರು ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಸ್ಥಿರಾಸ್ತಿ ಮಾರಿದರೆ ಲಾಭದ ಮೇಲೆ 12.5 ಶೇಕಡಾ ಬಂಡವಾಳ ಲಾಭ ತೆರಿಗೆ, ಅದರ ಮೇಲೆ ಸೆಸ್. 2024ರ ಜುಲೈ 23ರ ನಂತರದ ಮಾರಾಟಕ್ಕೆ ಹಣದುಬ್ಬರದ ಹೊಂದಾಣಿಕೆ ಅವರಿಗೆ ಸಿಗುವುದಿಲ್ಲ. ಖರೀದಿದಾರರು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕಾದ್ದರಿಂದ, ಕಡಿಮೆ ಕಡಿತದ ಪ್ರಮಾಣಪತ್ರವನ್ನು ಮುಂಚೆಯೇ ಪಡೆಯದಿದ್ದರೆ ದೊಡ್ಡ ಮೊತ್ತ ಮರುಪಾವತಿಗಾಗಿ ಕಾಯುತ್ತಾ ಕೂರುತ್ತದೆ. ಅಮೆರಿಕದಲ್ಲಿಯೂ ಈ ಲಾಭವನ್ನು ತೋರಿಸಬೇಕು, ಭಾರತದಲ್ಲಿ ಕಟ್ಟಿದ ತೆರಿಗೆಗೆ ವಜಾ ಸಿಗುತ್ತದೆ. ಇದೆಲ್ಲ ಮಾಡಬಾರದ್ದೇನೂ ಅಲ್ಲ. ಆದರೆ ನಿಮ್ಮ ನಿವೃತ್ತಿಗೆಂದು ಇಟ್ಟ ಸೈಟು ಹೋದರೆ ನಿಮಗೆ ನಿವೃತ್ತಿ ಸಾಲ ಕೊಡುವವರು ಯಾರೂ ಇಲ್ಲ.

ಹಾಗೆಂದು ಹೊರರಾಜ್ಯದ ಕಾಲೇಜನ್ನು ನಾನು ಎಲ್ಲರಿಗೂ ಬೇಡವೆನ್ನುವುದಿಲ್ಲ. ಸಾಲವೆಲ್ಲ ಸೇರಿ ವಿದ್ಯಾರ್ಥಿಯ ಹೆಸರಿನ ಫೆಡರಲ್ ಮಿತಿಯಾದ 27,000ದೊಳಗೆ ಮುಗಿಯುವುದಾದರೆ ಸಂತೋಷವಾಗಿ ಕಳುಹಿಸಿ ಎನ್ನುತ್ತೇನೆ, ಏಕೆಂದರೆ ಆ ಸಾಲಕ್ಕೆ ಆದಾಯಕ್ಕೆ ತಕ್ಕ ಕಂತಿನ ರಕ್ಷಣೆ ಇದೆ, ಸಾಲಗಾರನ ಮರಣ ಅಥವಾ ಶಾಶ್ವತ ಅಂಗವೈಕಲ್ಯದಲ್ಲಿ ಅದು ರದ್ದಾಗುತ್ತದೆ. ತಮ್ಮ ರಾಜ್ಯದಲ್ಲಿ ಇಲ್ಲದ ವಿಷಯವನ್ನು ಓದಬೇಕೆನ್ನುವವರಿಗೆ ದಕ್ಷಿಣದ ರಾಜ್ಯಗಳ ಅಕಾಡೆಮಿಕ್ ಕಾಮನ್ ಮಾರ್ಕೆಟ್ ಎಂಬ ಒಪ್ಪಂದದಡಿ ನೆರೆರಾಜ್ಯದಲ್ಲೂ ಸ್ಥಳೀಯರ ಶುಲ್ಕ ಸಿಗುವುದುಂಟು. ಜಾರ್ಜಿಯಾ ಅದರಲ್ಲಿದೆ, ಆದರೆ ಕಂಪ್ಯೂಟರ್ ಸೈನ್ಸ್‌ನಂಥ ಎಲ್ಲೆಡೆ ಇರುವ ವಿಷಯಕ್ಕೆ ಅದು ಒದಗುವುದಿಲ್ಲ.

ಇದೇ ಪ್ರಶ್ನೆಯನ್ನು ಎಚ್-1ಬಿ ವೀಸಾದಲ್ಲಿರುವ ಓದುಗರೂ ಕೇಳುತ್ತಾರೆ. ಅವರ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸಾಲವಾಗಲಿ, ಹೋಪ್ ಅಥವಾ ಝೆಲ್ ಮಿಲ್ಲರ್ ಆಗಲಿ ಇಲ್ಲ. ಖಾಸಗಿ ಸಾಲದಾತರು ಸಾಮಾನ್ಯವಾಗಿ ಪೌರರ ಅಥವಾ ಗ್ರೀನ್ ಕಾರ್ಡ್ ಇರುವವರ ಸಹಿ ಕೇಳುತ್ತಾರೆ. ಹಲವು ರಾಜ್ಯಗಳಲ್ಲಿ ಈ ಮಕ್ಕಳಿಗೆ ಸ್ಥಳೀಯರ ಶುಲ್ಕ ಸಿಗಬಹುದು, ಆದರೆ 21 ತುಂಬಿ ವಿದ್ಯಾರ್ಥಿಗಳ ಎಫ್-1 ವೀಸಾಕ್ಕೆ ಬದಲಾದಾಗ ಅದು ಉಳಿಯುವುದೇ ಎಂಬುದನ್ನು ಸೇರುವ ಮೊದಲೇ ರಿಜಿಸ್ಟ್ರಾರ್ ಕಚೇರಿಯಿಂದ ಲಿಖಿತವಾಗಿ ಪಡೆಯಬೇಕು.

ಯಾವ ಕಾಲೇಜು ಎಂದು ಠೇವಣಿ ಕಟ್ಟಿ ಖಚಿತಪಡಿಸಲು ನಿಮ್ಮ ಮುಂದಿರುವ ಗಡುವು ಮೇ 1. ಅದಕ್ಕೆ ಮೊದಲು ಹೊರರಾಜ್ಯದ ಕಾಲೇಜಿನ ಹಣಕಾಸು ನೆರವಿನ ಕಚೇರಿಗೆ ಮಗಳೇ ಒಂದು ಮನವಿ ಬರೆಯಲಿ, ಸಾಲವಲ್ಲದ ನೆರವು ಎಷ್ಟು ಕೊಡಬಲ್ಲರೆಂದು ನೇರವಾಗಿ ಕೇಳಲಿ. ಸರ್ಕಾರಿ ವಿಶ್ವವಿದ್ಯಾಲಯಗಳು ಹೊರರಾಜ್ಯದವರಿಗೆ ಕೈ ಬಿಚ್ಚುವುದು ಕಡಿಮೆಯಾದರೂ ಕೇಳುವುದಕ್ಕೆ ಖರ್ಚಿಲ್ಲ. ಉತ್ತರ ಬಂದ ಮೇಲೆ ತಿಂಗಳ ಕಂತಿನ ಲೆಕ್ಕವನ್ನು ನೀವು ಹಾಕಿ ತೋರಿಸಬೇಡಿ, ಅವಳ ಕೈಯಿಂದಲೇ ಹಾಕಿಸಿ. ವರ್ಷಕ್ಕೆ ನಲವತ್ತು ಸಾವಿರ ಡಾಲರಿನಷ್ಟು ವಿದ್ಯಾರ್ಥಿವೇತನ ಬರದಿದ್ದರೆ ಅಥೆನ್ಸ್‌ನ ಠೇವಣಿಯನ್ನೇ ಕಟ್ಟಿ, ಎರಡೂ ಕಡೆ ಕಟ್ಟಬೇಡಿ. ಹಾಸ್ಟೆಲಿನ ಅರ್ಜಿಯನ್ನೂ ಅದೇ ದಿನ ಹಾಕಿಬಿಡಿ.